ಅಂಗೈ ಲೆಕ್ಕ

ಸಾಲಗಾಮೆ ರಸ್ತೆಯ ಆಸ್ಪತ್ರೆಯಲ್ಲಿ ಮೂರನೇ ಕಿಟಕಿ ನನ್ನದು.
ಗಾಜಿನ ಮೇಲೆ ಬರೆದಿದೆ: ಅಂದಾಜು ವೆಚ್ಚ.
ಸುಟ್ಟವರ ವಾರ್ಡಿನಿಂದ ಚೀಟಿ ಇಳಿದು ಬರುತ್ತದೆ,
ಹೆಸರು, ವಯಸ್ಸು, ಶೇಕಡ.
ಶೇಕಡವನ್ನು ರೂಪಾಯಿ ಮಾಡುವುದು ನನ್ನ ಕೆಲಸ.

ಅಪ್ಪ ಹಾಸನದ ಆಲೂಗಡ್ಡೆ ಮಂಡಿಯಲ್ಲಿ ಅಂದಾಜುಗಾರ.
ದುದ್ದದ ಕಡೆಯ ಹೊಲದಲ್ಲಿ ಒಂದೇ ಒಂದು ಗಿಡ ಕಿತ್ತು
ಮಣ್ಣು ಕೊಡವಿ, ಗೆಡ್ಡೆ ಎಣಿಸಿ
ಎಕರೆಗೆ ಇಷ್ಟು ಚೀಲ ಅನ್ನುತ್ತಿದ್ದ.
ನಾಲ್ಕು ಚೀಲ ಹೆಚ್ಚುಕಮ್ಮಿ, ಅಷ್ಟೇ.
ಮಣ್ಣೊಳಗಿನದನ್ನು ಹೇಳುವವನ ಮಗಳಿಗೆ
ಮೈಮೇಲಿನದು ಏನು ಮಹಾ
ಅಂದುಕೊಂಡೇ ಕೆಲಸಕ್ಕೆ ಸೇರಿದ್ದೆ.

ಮೊದಲ ವಾರ ಡಾಕ್ಟರು ಕಲಿಸಿದರು:
ರೋಗಿಯ ಅಂಗೈ, ಬೆರಳೂ ಸೇರಿ, ಮೈಯ ನೂರರಲ್ಲೊಂದು ಪಾಲು.
ಮಗುವಿಗೆ ಮಗುವಿನದೇ ಅಂಗೈ, ಮುದುಕಿಗೆ ಮುದುಕಿಯದೇ.
ಬೇರೆಯವರ ಕೈಯಲ್ಲಿ ಅಳೆದರೆ ಲೆಕ್ಕ ಕೆಡುತ್ತದೆ.

ಚೆಲುವಯ್ಯನ ಚೀಟಿ ಬಂದದ್ದು ಮಂಗಳವಾರ.
ಮೂವತ್ತೊಂದು ವಯಸ್ಸು, ಇಪ್ಪತ್ತಾರು ಶೇಕಡ, ಕಾದ ಎಣ್ಣೆ.
ಬಸ್‌ ಸ್ಟ್ಯಾಂಡಿನ ಹಿಂದೆ ಚಿಪ್ಸ್ ಕರಿಯುವ ಅಂಗಡಿ,
ಒಲೆಯ ಒಂದು ಕಾಲು ಮುರಿಯಿತಂತೆ.
ಬಾಣಲೆಯೊಳಗಿದ್ದ ಆಲೂಗಡ್ಡೆ ಅಪ್ಪ ನೋಡಿದ ಹೊಲದ್ದೇ ಇರಬಹುದು.
ಅದನ್ನೆಲ್ಲ ಬರೆಯಲು ನಮೂನೆಯಲ್ಲಿ ಜಾಗವಿಲ್ಲ.

ಅವನ ಹೆಂಡತಿ ಜಯಶೀಲಾ
ಗಾಜಿಗೆ ತನ್ನ ಅಂಗೈ ಒತ್ತಿ ಹಿಡಿದಳು.
"ಇಷ್ಟಗಲಕ್ಕೆ ಎಷ್ಟಾಯ್ತದೆ, ಅದು ಹೇಳಿ ಮೊದ್ಲು.
ಇಪ್ಪತ್ತಾರಕ್ಕೆ ನಾನೇ ಗುಣಿಸ್ಕೋತೀನಿ."
ನಿಮ್ಮ ಕೈ ಆಗಲ್ಲ, ಅವರದೇ ಬೇಕು ಅಂದೆ.
"ಅವರ ಕೈಯೂ ಬೆಂದೋಗದಲ್ಲ."

ಬರೆದೆ.
ಸತ್ತ ಚರ್ಮ ಕೆರೆದು ತೆಗೆಯುವುದು ಎರಡು ಸಲ,
ಚರ್ಮ ಕಸಿ ಎರಡು ಸಲ, ಬಹುಶಃ ಮೂರು,
ರಕ್ತ, ಅರಿವಳಿಕೆ, ದಿನ ಬಿಟ್ಟು ದಿನ ಡ್ರೆಸಿಂಗ್.
ತೊಡೆಯಿಂದ ತೆಗೆದು ಎದೆಗೆ ಹಾಕುತ್ತಾರೆ.
ಕೊಟ್ಟ ತೊಡೆಯೂ ಗಾಯವೇ, ಅದಕ್ಕೂ ಪಟ್ಟಿ, ಅದಕ್ಕೂ ಮುಲಾಮು;
ಮೊದಲ ವರ್ಷವೆಲ್ಲ ಅದನ್ನು ಮರೆತು ಬೈಸಿಕೊಂಡಿದ್ದೇನೆ.
ಸೋಂಕಾದರೆ ಎಂಬ ಸಾಲಿಗೆ ಅಂಕಿ ಇಲ್ಲ,
"ಅಗತ್ಯಕ್ಕೆ ತಕ್ಕಂತೆ."
ಎಲ್ಲರ ಕಣ್ಣೂ ಅದನ್ನು ಹಾರಿ ಮೊತ್ತಕ್ಕೆ ಹೋಗುತ್ತದೆ.

ಮೂರು ಲಕ್ಷದ ನಲವತ್ತು ಸಾವಿರ.
ಜಯಶೀಲಾ ಮನಸ್ಸಲ್ಲೇ ಏನೇನೋ ಮಾರಿ ನೋಡಿದಳು,
ಎರಡು ಕಡೆ ಅವಳ ತುಟಿ ನಿಂತಿತು.
ಆಮೇಲೆ ಹಾಳೆ ಮಡಚಿ ರವಿಕೆಗೆ ಸೇರಿಸಿ
"ಬತ್ತೀನಿ" ಅಂದಳು.

ಒಂದು ಮಾತು ಆಫೀಸಿನಲ್ಲಿ ಯಾರಿಗೂ ಹೇಳಿಲ್ಲ.
ಬಿಲ್ಲು ನನ್ನ ಅಂದಾಜಿಗಿಂತ ಕಮ್ಮಿ ಬಂದರೆ
ಹೆಚ್ಚಿನ ಸಲ ಆ ಮಂಚ ಬೇಗ ಖಾಲಿಯಾಗಿರುತ್ತದೆ.
ವರ್ಷದ ಕೊನೆಗೆ ಬರುವ ಆಡಿಟರ್ ಅಂಥ ಸಾಲುಗಳ ಮುಂದೆ
ಹಸಿರು ಶಾಯಿಯಲ್ಲಿ ಬರೆಯುತ್ತಾನೆ: ಉಳಿತಾಯ.
ನಾನು ಮಾತ್ರ ಪುಟ ತಿರುವಿ ತಿರುವಿ
ಹೆಚ್ಚಾದವರ ಹೆಸರು ಹುಡುಕುತ್ತೇನೆ.

ಅಪ್ಪನಿಗೆ ಹೇಳಿದಾಗ ಎಲೆಗೆ ಸುಣ್ಣ ಸವರುತ್ತಿದ್ದ.
"ಅಂದಾಜು ತಪ್ಪಿದ್ರೆ ಖುಷಿಪಡೋಳನ್ನ
ಮಂಡೀಲಿ ಒಂದಿನ ಇಟ್ಕೊಳ್ಳಲ್ಲ ಕಣಮ್ಮ."

ಚೆಲುವಯ್ಯನಿಗೆ ಎರಡನೇ ಕಸಿ ಹಿಡಿಯಲಿಲ್ಲ.
ಮತ್ತೆ ತೊಡೆ, ಮತ್ತೆ ರಕ್ತ, ಹದಿಮೂರು ದಿನ ಜ್ವರ.
ನಲವತ್ತೇಳನೆಯ ದಿನ ಕೊನೆಯ ಬಿಲ್ಲು.
ನನ್ನ ತಪ್ಪು ಎಂಬತ್ತೆಂಟು ಸಾವಿರ.

ಕಾಲು ಅಗಲಿಸಿಕೊಂಡು, ಗೋಡೆ ಹಿಡಿದು
ಅವನೇ ನಡೆದು ಬಂದ. ಹಿಂದೆ ಜಯಶೀಲಾ, ಕಿವಿ ಬೋಳು.
ಕಿಟಕಿಯ ಕಿಂಡಿಯಲ್ಲಿ ಬಲಗೈ ತೂರಿಸಿದ.
ನಸುಗೆಂಪು ಚರ್ಮ, ಅದರ ಮೇಲೆ ಜಾಲರಿಯ ಗುರುತು,
ಒಂದೂ ಗೆರೆಯಿಲ್ಲ.
ಬೆರಳು ಅರ್ಧಕ್ಕೆ ಮಡಚಿ ಅಲ್ಲೇ ನಿಂತವು.
"ಇದೊಂದಕ್ಕೆ ಎಷ್ಟಾಯ್ತು ಮೇಡಂ?"

ಕ್ಯಾಲ್ಕುಲೇಟರ್ ತೆಗೆದೆ.
ಮೊತ್ತವನ್ನು ಇಪ್ಪತ್ತಾರರಿಂದ ಭಾಗಿಸಿದರೆ ಬರುತ್ತದೆ.
ಆದರೆ ತೊಡೆಯದನ್ನು ಯಾವ ಕಡೆ ಸೇರಿಸುವುದು
ಅಂತ ಯೋಚಿಸುತ್ತಾ ಕೂತೆ.
ಸಾಲಿನಲ್ಲಿ ಹಿಂದಿದ್ದವರು ಚೀಟಿ ಅಲ್ಲಾಡಿಸಿ
ಬೇಗ ಮುಗಿಸಿ ಅಂದರು.
ಅವನು ಕೈ ತೆಗೆಯಲಿಲ್ಲ.